ಮೈಸೂರಿನಿಂದ ಹಿಮದ ನಾಡಿಗೆ ಒಂದು ನಾಯಿಯ ಪಯಣ

ನಾಯಕಿಯ ಸುತ್ತ ಮರ ಸುತ್ತುವ ನಾಯಕ, ಕೊನೆಯ ರೀಲಿನಲ್ಲಿ ಏಟು ತಿನ್ನುವ ಖಳನಾಯಕ ಇವೆರಡೂ ಇಲ್ಲದೆ ಕನ್ನಡ ಚಿತ್ರ ಓಡೀತೇ? ಓಡೀತು ಎಂದು ತೋರಿಸಿಕೊಟ್ಟ ಚಿತ್ರಗಳಲ್ಲಿ 2022ರ ಜೂನ್ 10ರಂದು ತೆರೆಕಂಡ ‘777 ಚಾರ್ಲಿ’ಯೂ ಒಂದು. ಇದರಲ್ಲಿ ಮುಖ್ಯ ಪಾತ್ರ ಒಂದು ಹೆಣ್ಣು ಲ್ಯಾಬ್ರಡಾರ್ ನಾಯಿಯದು. ಕಥೆ ಶುರುವಾಗುವುದು ನಮ್ಮ ಮೈಸೂರಿನ ಒಂದು ಕಾಲೊನಿಯಲ್ಲಿ.

ಧರ್ಮ ಕಾರ್ಖಾನೆಯ ಕೆಲಸಗಾರ. ಒಂಟಿ, ಸಿಡುಕ. ಕೆಲಸ, ಜಗಳ, ಇಡ್ಲಿ, ಬಿಯರು ಮತ್ತು ಟಿ.ವಿ.ಯಲ್ಲಿ ಚಾರ್ಲಿ ಚಾಪ್ಲಿನ್ - ಇಷ್ಟೇ ಅವನ ಲೋಕ. ತಳಿಗಾರನೊಬ್ಬನ ಹಿಂಸೆಯಿಂದ ತಪ್ಪಿಸಿಕೊಂಡ ನಾಯಿ ಅವನಿಗೆ ಗಂಟುಬೀಳುತ್ತದೆ. ಬೇಡವೆಂದರೂ ಬಿಡದ ನಾಯಿ, ಓಡಿಸಲಾರದೆ ಸೋಲುವ ಮನುಷ್ಯ. ಇವರಿಬ್ಬರ ನಡುವಿನ ಜಟಾಪಟಿಯೇ ಚಿತ್ರದ ಮೊದಲರ್ಧದ ನಗೆಗೆ ಬಂಡವಾಳ. ನಾಯಿಗೆ ಮಾರಕ ಕಾಯಿಲೆ ಇದೆಯೆಂದು ತಿಳಿದಾಗ, ಟಿ.ವಿ.ಯಲ್ಲಿ ಹಿಮ ಕಂಡು ಕುಣಿಯುತ್ತಿದ್ದ ಅದಕ್ಕೆ ನಿಜವಾದ ಹಿಮ ತೋರಿಸಲು ಧರ್ಮ ಸೈಡ್‌ಕಾರ್ ಜೋಡಿಸಿದ ಬೈಕಿನಲ್ಲಿ ಉತ್ತರಕ್ಕೆ ಹೊರಡುತ್ತಾನೆ. ಅಲ್ಲಿಂದ ಮುಂದೆ ನಗುವಿನ ಜಾಗಕ್ಕೆ ನಿಧಾನವಾಗಿ ಕಣ್ಣೀರು ಬರುತ್ತದೆ.

ಪ್ರಯಾಣವೇ ಕಥೆಯಾಗುವ ಚಿತ್ರಗಳಿಗೆ ದೀರ್ಘ ಪರಂಪರೆಯಿದೆ. 1966ರ ತಮಿಳು ಚಿತ್ರ ‘ಮದ್ರಾಸ್ ಟು ಪಾಂಡಿಚೇರಿ’ 1972ರಲ್ಲಿ ಹಿಂದಿಯ ‘ಬಾಂಬೆ ಟು ಗೋವಾ’ ಆಯಿತು. ಬಸ್ಸಿನೊಳಗೆ ಬಗೆಬಗೆಯ ಜನರನ್ನು ಕೂರಿಸಿ ನಗಿಸುವುದು ಅವುಗಳ ತಂತ್ರ. ನಾಯಿಯ ಪಯಣವೂ ಹೊಸದಲ್ಲ. 1943ರ ‘ಲ್ಯಾಸಿ ಕಮ್ ಹೋಮ್’ನಲ್ಲಿ ನಾಯಿಯೊಂದು ಸ್ಕಾಟ್ಲೆಂಡಿನಿಂದ ಇಂಗ್ಲೆಂಡಿನ ತನ್ನ ಮನೆಗೆ ನಡೆದೇ ಬರುತ್ತದೆ. ಆ ಹೆಣ್ಣು ನಾಯಿಯ ಪಾತ್ರ ಮಾಡಿದ್ದು ‘ಪಾಲ್’ ಎಂಬ ಗಂಡು ನಾಯಿ! ಇನ್ನು ಚಾಪ್ಲಿನ್ 1918ರಲ್ಲೇ ‘ಎ ಡಾಗ್ಸ್ ಲೈಫ್’ ಚಿತ್ರದಲ್ಲಿ ಬೀದಿ ನಾಯಿಯನ್ನು ಜೊತೆಗಾರನನ್ನಾಗಿ ಮಾಡಿಕೊಂಡಿದ್ದ. ನಮ್ಮ ಚಾರ್ಲಿಗೆ ಅವನ ಹೆಸರು ಒಪ್ಪುವಂಥದ್ದೇ.

ಚಿತ್ರದ ನಿರ್ದೇಶಕ ಕೆ. ಕಿರಣ್‌ರಾಜ್ ಗಡಿನಾಡು ಕಾಸರಗೋಡಿನವರು. ಇದು ಅವರ ಮೊದಲ ಚಿತ್ರ. ನಾಯಕನಾಗಿ ನಟಿಸಿದ ರಕ್ಷಿತ್ ಶೆಟ್ಟಿ ನಿರ್ಮಾಪಕರಲ್ಲೂ ಒಬ್ಬರು. ಸಂಗೀತ ನೊಬಿನ್ ಪಾಲ್ ಅವರದು, ಛಾಯಾಗ್ರಹಣ ಅರವಿಂದ್ ಕಶ್ಯಪ್ ಅವರದು. 2017ರಲ್ಲಿ ಘೋಷಣೆಯಾದ ಚಿತ್ರ ತೆರೆಗೆ ಬರಲು ಐದು ವರ್ಷ ಹಿಡಿಯಿತು. ಕೋವಿಡ್ ಅದಕ್ಕೊಂದು ಕಾರಣವಾದರೆ, ನಾಯಿಯೇ ಇನ್ನೊಂದು ಕಾರಣ.

ನಟನಿಗೆ ‘ಇನ್ನೊಂದು ಟೇಕ್’ ಎನ್ನಬಹುದು, ನಾಯಿಗೆ ಹಾಗೆನ್ನಲಾಗದು. ಒಂದೊಂದು ಚಲನೆಯನ್ನೂ ತಿಂಡಿಯ ಆಸೆ ತೋರಿಸಿ, ಬೆನ್ನು ತಟ್ಟಿ, ದಿನಗಟ್ಟಲೆ ಕಲಿಸಬೇಕು. ಅದು ದಣಿದರೆ ಇಡೀ ಘಟಕ ಕಾಯಬೇಕು. ಚಾರ್ಲಿಯನ್ನು ಪಳಗಿಸಿದವರು ತರಬೇತುದಾರ ಬಿ.ಸಿ. ಪ್ರಮೋದ್. ಜೊತೆಗೆ ಕಾನೂನಿನ ಕಟ್ಟುಪಾಡು ಬೇರೆ. 2001ರ ನಿಯಮಗಳ ಪ್ರಕಾರ ಚಿತ್ರದಲ್ಲಿ ಪ್ರಾಣಿಯನ್ನು ಬಳಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕೇ ಬೇಕು.

ಕನ್ನಡದ ಜೊತೆಗೆ ತಮಿಳು, ತೆಲುಗು, ಮಲಯಾಳ, ಹಿಂದಿಯಲ್ಲೂ ಚಿತ್ರ ಬಿಡುಗಡೆಯಾಯಿತು. ಎರಡೂವರೆ ಗಂಟೆ ಮೀರಿದ ಉದ್ದ ಹೆಚ್ಚಾಯಿತು, ಅಳಿಸುವ ಹಟ ಅತಿಯಾಯಿತು ಎಂಬ ಆಕ್ಷೇಪಗಳು ಬಂದವು. ಅವು ಪೂರ್ತಿ ತಪ್ಪಲ್ಲ. ಆದರೆ ಚಿತ್ರಮಂದಿರದಲ್ಲಿ ಪ್ರೇಕ್ಷಕ ಅತ್ತದ್ದೂ ನಿಜ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ, ಹಿಂದಿನ ವರ್ಷ ತೀರಿಹೋದ ತಮ್ಮ ನಾಯಿಯನ್ನು ನೆನೆದು ಎಲ್ಲರೆದುರೇ ಕಣ್ಣೀರಿಟ್ಟರು. ಸರ್ಕಾರ ಆರು ತಿಂಗಳ ಮಟ್ಟಿಗೆ ರಾಜ್ಯದ ಪಾಲಿನ ಜಿಎಸ್‌ಟಿಯಿಂದ ವಿನಾಯಿತಿ ನೀಡಿತು. 2023ರ ಆಗಸ್ಟ್‌ನಲ್ಲಿ ಪ್ರಕಟವಾದ 69ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆಯೂ ದೊರೆಯಿತು.

ಆದರೆ ಚಿತ್ರ ಎತ್ತುವ ಪ್ರಶ್ನೆ ಕಣ್ಣೀರಿನೊಂದಿಗೆ ಒಣಗಿಹೋಗುವಂಥದ್ದಲ್ಲ. ಚಾರ್ಲಿಯ ಕಾಯಿಲೆಗೆ ಮೂಲ, ಹಣದಾಸೆಗೆ ರಕ್ತಸಂಬಂಧದಲ್ಲೇ ನಾಯಿಗಳನ್ನು ಕೂಡಿಸಿ ಮರಿ ಮಾಡಿಸುವ ದಂಧೆ ಎಂದು ಚಿತ್ರ ಬೊಟ್ಟುಮಾಡುತ್ತದೆ. ಇದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ತಂದಿದೆ. ಅದರಂತೆ ತಳಿಗಾರ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹದಿನೆಂಟು ತಿಂಗಳಾಗದ ಹೆಣ್ಣು ನಾಯಿಯಿಂದ ಮರಿ ಮಾಡಿಸಕೂಡದು. ಮರಿ ಕೊಳ್ಳುವವರಲ್ಲಿ ಇದನ್ನು ಕೇಳುವವರೆಷ್ಟು ಮಂದಿ?

ಸಿನಿಮಾ ನೋಡಿ ಅದೇ ತಳಿಯ ಮರಿ ತರುವ ಹುಚ್ಚು ಲೋಕಕ್ಕೆ ಹೊಸದಲ್ಲ. 1985ರಲ್ಲಿ ಡಿಸ್ನಿಯ ಡಾಲ್ಮೇಷಿಯನ್ ನಾಯಿಗಳ ಚಿತ್ರ ಮರುಬಿಡುಗಡೆಯಾದ ಮೇಲೆ, ಅಮೆರಿಕದಲ್ಲಿ ಆ ತಳಿಯ ನೋಂದಣಿ ಏಳೆಂಟು ವರ್ಷಗಳಲ್ಲಿ ಹಲವು ಪಟ್ಟು ಏರಿತು. ಚಾರ್ಲಿಯನ್ನು ಮೆಚ್ಚಿ ಪೇಟೆಯಿಂದ ಲ್ಯಾಬ್ರಡಾರ್ ಮರಿ ತಂದರೆ, ಚಿತ್ರ ಯಾವ ದಂಧೆಯನ್ನು ಬೈದಿತೋ ಅದಕ್ಕೇ ಕಾಸು ಕೊಟ್ಟಂತಾದೀತು.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನುಗಳ ಮುಂದೆ, ಕೆ.ಆರ್. ನಗರದ ಗದ್ದೆ ಬದುಗಳಲ್ಲಿ, ಎಚ್.ಡಿ. ಕೋಟೆಯ ಕಾಡಂಚಿನ ಹೊಲಗಳಲ್ಲಿ ರಾತ್ರಿಯಿಡೀ ಕಾವಲಿರುವುದು ತಳಿಯ ಹೆಸರೇ ಇಲ್ಲದ ನಾಟಿ ನಾಯಿಗಳು. ಅವುಗಳಿಗೆ ಹಿಮ ತೋರಿಸುವುದು ಬೇಕಿಲ್ಲ. ವರ್ಷಕ್ಕೊಂದು ರೇಬಿಸ್ ಚುಚ್ಚುಮದ್ದು, ಹೊತ್ತಿಗೊಂದು ಮುದ್ದೆ, ಮರಿಗಳ ಸಂಖ್ಯೆ ಮಿತಿಮೀರದಂತೆ ಶಸ್ತ್ರಚಿಕಿತ್ಸೆ, ಇಷ್ಟಾದರೆ ಸಾಕು. ಚಿತ್ರಮಂದಿರದಲ್ಲಿ ಹರಿದ ಕಣ್ಣೀರಿಗೆ ಬೆಲೆ ಬರುವುದು ಆಗಲೇ.