ಸಂಜಯನಿಲ್ಲದ ರಣರಂಗ

ಕುರುಕ್ಷೇತ್ರದ ಕಥೆಯನ್ನು ವರುಷವರುಷವೂ ತರಗತಿಯಲ್ಲಿ ಹೇಳುತ್ತ ಬಂದಿರುವ ನನಗೆ ಒಂದು ಸಂಗತಿ ಈಚಿನವರೆಗೆ ಹೊಳೆದಿರಲಿಲ್ಲ. ಧೃತರಾಷ್ಟ್ರನನ್ನು ನಾವು ಕುರುಡನೆಂದು ಮರುಗುತ್ತೇವೆ. ಆದರೆ ದಿವ್ಯದೃಷ್ಟಿಯ ಸಂಜಯನನ್ನು ಎದುರಿಗೆ ಕೂರಿಸಿಕೊಂಡು, ಯಾರ ಬಾಣ ಯಾರ ಎದೆಗೆ ತಾಗಿತೆಂಬುದನ್ನು ವಿವರವಾಗಿ ಕೇಳಿ ತಿಳಿದ ಆ ಅರಸನಷ್ಟು ನಿಚ್ಚಳವಾಗಿ ಯುದ್ಧವನ್ನು ಕಂಡವರು ಯಾರಿದ್ದಾರೆ? ಕಳದೊಳಗೆ ನಿಂತು ಆಜ್ಞೆ ಕೊಡುವ ದಳಪತಿಗೆ ಆ ಭಾಗ್ಯವಿಲ್ಲ. ಎದುರಿಗೆ ಧೂಳು, ಕಿವಿಯಲ್ಲಿ ಗದ್ದಲ. ಬಂದ ಸುದ್ದಿ ಹಳೆಯದು, ಕಳಿಸಿದ ಆಜ್ಞೆ ತಲುಪಿತೋ ಇಲ್ಲವೋ ತಿಳಿಯದು. ಇದು ನನಗೆ ಮನದಟ್ಟಾದದ್ದು ಯಾವ ಗ್ರಂಥದಿಂದಲೂ ಅಲ್ಲ, ಒಂದು ಆಟದಿಂದ ಎಂದರೆ ಓದುಗರು ನಗಬಹುದು.

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಸೋದರಳಿಯ ಮನೆಗೆ ಬಂದಿದ್ದ. ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತರೆ ಅವನು ಏಳುತ್ತಿದ್ದುದು ನಡುರಾತ್ರಿ ಕಳೆದ ಮೇಲೆಯೇ. ಆಡುತ್ತಿರುವುದು ಯುದ್ಧದ ಆಟವೆಂದು ಹೇಳಿದ್ದ. ಆದರೆ ಅವನ ಕೋಣೆಯಿಂದ ಬಹುಹೊತ್ತು ಯಾವ ಸದ್ದೂ ಬರುತ್ತಿರಲಿಲ್ಲ. ಇಂಥ ಆಟಗಳೆಂದರೆ ಕಣ್ಣಿಗೆ ಬಿದ್ದವರನ್ನೆಲ್ಲ ಸುಟ್ಟುಹಾಕುವ ಹುಡುಗಾಟವೆಂದು ತಿಳಿದಿದ್ದ ನನಗೆ ಆ ಮೌನವೇ ಕುತೂಹಲ ತಂದಿತು. ಒಂದು ರಾತ್ರಿ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತೆ.

ಅದು ‘ಕಾಂಬ್ಯಾಟ್ ಮಿಷನ್’ ಎಂಬ ಆಟಗಳ ಬಳಗಕ್ಕೆ ಸೇರಿದ್ದು. ಮೊದಲ ಆಟ ೨೦೦೦ದಲ್ಲಿ ಬಂದಾಗ ಅದರ ವಸ್ತು ಎರಡನೆಯ ಮಹಾಯುದ್ಧ. ೨೦೦೭ರಲ್ಲಿ ಬಂದ ‘ಶಾಕ್ ಫೋರ್ಸ್’ ಎಂಬುದು ಅದೇ ಕ್ರಮವನ್ನು ಇಂದಿನ ಕಾಲದ ಸೈನ್ಯಗಳಿಗೆ ಅಳವಡಿಸಿತು. ಆಡುವವನು ಇಲ್ಲಿ ಬಂದೂಕು ಹಿಡಿದ ಸಿಪಾಯಿಯಲ್ಲ. ಒಂದು ಕಂಪನಿಯ ಅಥವಾ ಪಟಾಲಮಿನ ಅಧಿಪತಿ. ಈ ತುಕಡಿ ಆ ಗೋಡೆಯ ಮರೆಗೆ ಸರಿಯಲಿ, ಆ ಟ್ಯಾಂಕು ದಿಬ್ಬದ ಹಿಂದೆ ನಿಲ್ಲಲಿ ಎಂದು ಅವನು ಆಜ್ಞೆಗಳನ್ನು ಬರೆದಿಡುತ್ತಾನೆ. ಎದುರಾಳಿಯೂ ತನ್ನ ಆಜ್ಞೆಗಳನ್ನು ಸಿದ್ಧಮಾಡಿಕೊಂಡಿರುತ್ತಾನೆ. ಬಳಿಕ ಎರಡು ಕಡೆಯವೂ ಒಮ್ಮೆಗೇ ಜಾರಿಗೆ ಬಂದು ಯುದ್ಧ ಒಂದು ನಿಮಿಷ ನಡೆಯುತ್ತದೆ. ಆ ಅರವತ್ತು ಸೆಕೆಂಡುಗಳಲ್ಲಿ ಅಧಿಪತಿ ಏನನ್ನೂ ಮಾಡುವಂತಿಲ್ಲ. ನೋಡಬಹುದು, ಅಷ್ಟೆ.

ಇನ್ನೊಂದು ವಿಶೇಷ ಕಾಣುವಿಕೆಗೆ ಸಂಬಂಧಿಸಿದ್ದು. ಒಂದು ತುಕಡಿಗೆ ಶತ್ರು ಕಂಡರೆ ಅದು ಪಕ್ಕದ ತುಕಡಿಗೂ ಕಂಡಂತಾಗುವುದಿಲ್ಲ. ಕೂಗಿ ಹೇಳಬೇಕು, ಕೈಸನ್ನೆ ಮಾಡಬೇಕು, ಇಲ್ಲವೆ ರೇಡಿಯೋ ಮೂಲಕ ಮೇಲಿನ ಅಧಿಕಾರಿಗೆ ತಿಳಿಸಬೇಕು. ಅವನಿಂದ ಸುದ್ದಿ ಇತರರಿಗೆ ಇಳಿಯಬೇಕು. ಫಿರಂಗಿಯ ನೆರವು ಬೇಕೆಂದರೂ ಹೀಗೆಯೇ. ಗುರಿಯನ್ನು ಕಣ್ಣಾರೆ ಕಾಣುವ ವೀಕ್ಷಕನಿರಬೇಕು, ಕೋರಿಕೆ ತಲುಪಿದ ಮೇಲೆ ಕೆಲವು ನಿಮಿಷ ಕಾಯಬೇಕು, ಪರೀಕ್ಷೆಯ ಗುಂಡು ಒಂದೆರಡು ಬೀಳಬೇಕು, ಅದನ್ನು ತಿದ್ದಬೇಕು. ಅಷ್ಟರಲ್ಲಿ ಶತ್ರು ಜಾಗ ಬಿಟ್ಟು ಹೋಗಿರಲೂಬಹುದು.

ನಾನೂ ಒಂದು ಸಲ ಆಡಿದೆ. ಮೂರು ತುಕಡಿಗಳ ಒಂದು ಪ್ಲಟೂನು ನನ್ನ ಕೈಯಲ್ಲಿತ್ತು. ಮುಂದೆ ಒಂದು ತೋಟ. ಅದರಾಚೆ ನಾವು ಹಿಡಿಯಬೇಕಾದ ಹಳ್ಳಿ. ಹೊತ್ತು ಮೀರುತ್ತಿದೆಯೆಂಬ ಆತುರದಲ್ಲಿ ಮೂರನ್ನೂ ಒಟ್ಟಿಗೆ ಓಡಿ ದಾಟುವಂತೆ ಆಜ್ಞೆ ಮಾಡಿದೆ. ನಿಮಿಷ ಆರಂಭವಾಯಿತು. ಇಪ್ಪತ್ತನೆಯ ಸೆಕೆಂಡಿಗೆ ಎಡಗಡೆಯ ಮನೆಯೊಂದರಿಂದ ಮೆಷಿನ್‌ಗನ್ ಹಾರಿತು. ಆ ಮನೆಯಲ್ಲಿ ಶತ್ರುವಿರಬಹುದೆಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಉಳಿದ ನಲವತ್ತು ಸೆಕೆಂಡು ನಾನು ಕೈಕಟ್ಟಿಕೊಂಡು ಕುಳಿತೆ. ಮುಂದಿದ್ದ ತುಕಡಿ ನೆಲಕಚ್ಚಿತು. ನಡುವಿನದು ಹಿಂದಕ್ಕೆ ಓಡಿತು. ಕೊನೆಯದು ಎಲ್ಲಿ ನಿಲ್ಲಬಾರದೋ ಅಲ್ಲಿಯೇ ನಿಂತಿತು. ಬಿದ್ದವರ ಬಳಿ ಸಂಗಾತಿಗಳು ಮೊಣಕಾಲೂರಿ ಉಪಚಾರ ಮಾಡುತ್ತಿದ್ದರು. ಅಳಿಯ ಏನೂ ಅನ್ನಲಿಲ್ಲ. ಮೊದಲೇ ಎಚ್ಚರಿಸಬಹುದಾಗಿತ್ತಲ್ಲವೆ ಎಂದರೆ, “ಆ ಮನೆಯಲ್ಲಿ ಯಾರಿದ್ದಾರೆಂದು ನನಗೇನು ಗೊತ್ತು, ಮಾವ?” ಎಂದ.

ಇಂಥ ಆಟಕ್ಕೆ ಎರಡು ಶತಮಾನಗಳ ವಂಶಾವಳಿಯಿದೆ. ನಮ್ಮ ಚದುರಂಗದಲ್ಲಿ ಆನೆ, ಕುದುರೆ, ರಥ, ಕಾಲಾಳು ಎಲ್ಲವೂ ಇವೆ. ಇಲ್ಲದಿರುವುದು ಮಬ್ಬು ಒಂದೇ. ಇಬ್ಬರಿಗೂ ಇಡೀ ಹಲಗೆ ಕಾಣುತ್ತದೆ. ನಡೆಸಿದ ಕಾಯಿ ತಪ್ಪದೆ ನಡೆಯುತ್ತದೆ. ಪ್ರಷ್ಯದ ರೈಸ್‌ವಿಟ್ಸ್ ಎಂಬುವರು ೧೮೧೨ರಲ್ಲಿ ತಮ್ಮ ದೊರೆಗೆ ಬೆಟ್ಟ, ಹೊಳೆ, ಊರುಗಳನ್ನು ಜೋಡಿಸಬಹುದಾದ ಒಂದು ಯುದ್ಧದಾಟದ ಮೇಜನ್ನು ಒಪ್ಪಿಸಿದರು. ಸೈನ್ಯಾಧಿಕಾರಿಯಾಗಿದ್ದ ಅವರ ಮಗ ಆಟವನ್ನು ನಕ್ಷೆಯ ಮೇಲಕ್ಕೆ ತಂದು ೧೮೨೪ರಲ್ಲಿ ಅದರ ನಿಯಮಗಳನ್ನು ಪ್ರಕಟಿಸಿದ. ಅದರಲ್ಲಿ ಒಂದು ಸರದಿಯೆಂದರೆ ಎರಡು ನಿಮಿಷದ ಯುದ್ಧ. ಇಬ್ಬರು ಆಟಗಾರರ ನಡುವೆ ಮಧ್ಯಸ್ಥನೊಬ್ಬನಿರುತ್ತಿದ್ದ. ಕಾಣಬಹುದಾದ ಶತ್ರುವನ್ನು ಮಾತ್ರ ಅವನು ನಕ್ಷೆಯ ಮೇಲೆ ಇಡುತ್ತಿದ್ದ. ಆಜ್ಞೆ ರಣರಂಗದಲ್ಲಿ ತಲುಪಲು ಎಷ್ಟು ಹೊತ್ತು ಹಿಡಿಯುವುದೋ ಅಷ್ಟು ಹೊತ್ತು ಅದನ್ನು ತಡೆದಿಡುತ್ತಿದ್ದ. ಪ್ರಷ್ಯದ ದಂಡಿನ ಮುಖ್ಯಸ್ಥ ಮ್ಯೂಫ್ಲಿಂಗ್ ಇದನ್ನು ನೋಡಿ ಮೆಚ್ಚಿ ಸೈನ್ಯಕ್ಕೆಲ್ಲ ಶಿಫಾರಸು ಮಾಡಿದನು. ೧೮೭೦ರ ಯುದ್ಧದಲ್ಲಿ ಫ್ರಾನ್ಸ್ ಸೋತ ಮೇಲೆ ಇತರ ದೇಶಗಳ ಸೈನ್ಯಗಳೂ ಈ ಆಟದತ್ತ ತಿರುಗಿದವು. ಆ ಮಧ್ಯಸ್ಥನ ಪೀಠದಲ್ಲಿ ಇಂದು ಕುಳಿತಿರುವುದು ಗಣಕಯಂತ್ರ.

ಅದು ಆ ಪೀಠಕ್ಕೆ ತಕ್ಕುದಾಗಿಯೇ ನಡೆದುಕೊಳ್ಳುತ್ತಿದೆಯೆನ್ನಬೇಕು. ೧೯೯೬ರ ‘ಕ್ಲೋಸ್ ಕಾಂಬ್ಯಾಟ್’ ಎಂಬ ಆಟದಲ್ಲಿ ಹೆದರಿದ ಸೈನಿಕರು ಆಜ್ಞೆಯನ್ನು ಪಾಲಿಸುವುದೇ ಇಲ್ಲ. ಅಮೆರಿಕದ ಮೆರೀನ್ ದಳದ ನಿವೃತ್ತ ಮೇಜರ್ ಹೋಲ್ಡ್‌ರಿಜ್ ೧೯೯೪ರಲ್ಲಿ ಹೊರತಂದ ‘ಟ್ಯಾಕ್‌ಆಪ್ಸ್’ ಮುಂದೆ ಸೈನಿಕ ಶಿಕ್ಷಣಕ್ಕೂ ಬಳಕೆಯಾಯಿತು. ೨೦೧೩ರಲ್ಲಿ ಬಂದ ‘ಫ್ಲ್ಯಾಶ್‌ಪಾಯಿಂಟ್ ಕ್ಯಾಂಪೇನ್ಸ್: ರೆಡ್ ಸ್ಟಾರ್ಮ್’ ಎಂಬುದರಲ್ಲಿ, ೧೯೮೯ರ ಜರ್ಮನಿಯಲ್ಲಿ ನಡೆಯಬಹುದಾಗಿದ್ದ ಯುದ್ಧವಿದೆ. ಅಲ್ಲಿ ಒಂದು ಆಜ್ಞೆಗೂ ಮುಂದಿನ ಆಜ್ಞೆಗೂ ನಡುವಣ ಅವಧಿಯೇ ಒಂದು ಆಯುಧ. ದಂಡು ಸವೆದಂತೆ, ಶತ್ರು ರೇಡಿಯೋವನ್ನು ಕೆಡಿಸಿದಂತೆ ಆ ಅವಧಿ ಉದ್ದವಾಗುತ್ತದೆ. ಎದುರಾಳಿ ಎರಡು ಸಲ ಯೋಚಿಸುವಷ್ಟರಲ್ಲಿ ನಾವು ಒಮ್ಮೆ ಯೋಚಿಸುವಂತಾಗುತ್ತದೆ. ಬಾಹುಬಲವನ್ನೇ ಯುದ್ಧದ ಸಾರವೆಂದು ಬಗೆದ ಕಾವ್ಯಾಭ್ಯಾಸಿಗೆ ಇದು ಹೊಸ ಪಾಠ.

ಆಟದಲ್ಲಿ ಇಲ್ಲದಿರುವುದೇನು ಎಂಬುದನ್ನೂ ನೋಡಬೇಕಷ್ಟೆ. ‘ಶಾಕ್ ಫೋರ್ಸ್’ ನಡೆಯುವುದು ಸಿರಿಯದಲ್ಲಿ. ೨೦೦೮ರಲ್ಲಿ ಅಮೆರಿಕದ ಸೈನ್ಯ ಅಲ್ಲಿಗೆ ನುಗ್ಗಿತೆಂದು ೨೦೦೭ರಲ್ಲಿ ಮಾಡಿಕೊಂಡ ಕಲ್ಪನೆ ಅದು. ಕಲ್ಪನೆ ನಿಜವಾಗಲಿಲ್ಲ, ಆದರೆ ೨೦೧೧ರಲ್ಲಿ ಆ ನಾಡಿನಲ್ಲಿ ಬೇರೊಂದು ಯುದ್ಧ ಹೊತ್ತಿಕೊಂಡಿತು. ಅದೇ ಬಳಗದ ‘ಬ್ಲ್ಯಾಕ್ ಸೀ’ ಎಂಬ ಆಟ ೨೦೧೭ರ ಯುಕ್ರೇನಿನಲ್ಲಿ ಒಂದು ಯುದ್ಧವನ್ನು ಕಲ್ಪಿಸಿತು. ೨೦೨೨ರ ಫೆಬ್ರವರಿ ೨೪ರಂದು ರಷ್ಯದ ಟ್ಯಾಂಕುಗಳು ಆ ನೆಲದ ಮೇಲೆ ನಿಜವಾಗಿಯೇ ಹರಿದವು. ಆಟ ಮಾಡಿದವರ ತಪ್ಪಲ್ಲ ಅದು. ಆದರೂ ಪತ್ರಿಕೆಯಲ್ಲಿ ಕುಸಿದ ಮನೆಗಳ ಚಿತ್ರ ನೋಡಿದವನಿಗೆ ತೆರೆಯ ಮೇಲಿನ ಆ ಹಳ್ಳಿ ಬರಿಯ ಹಲಗೆಯಾಗಿ ಕಾಣುವುದಿಲ್ಲ. ಹಳ್ಳಿಯಲ್ಲಿ ಜನರೆಲ್ಲಿ ಎಂದು ಅಳಿಯನನ್ನು ಕೇಳಿದೆ. ಜನರು ಕಾಣುವುದಿಲ್ಲವಂತೆ. ಅವರ ಬದಲು ಜನಸಂಖ್ಯೆಯ ದಟ್ಟಣೆಯನ್ನು ಸೂಚಿಸುವ ಒಂದು ಅಳತೆಯಿದೆ; ಅದು ಹೆಚ್ಚಾದಷ್ಟೂ ಸಮವಸ್ತ್ರವಿಲ್ಲದ ಹೋರಾಟಗಾರರು ಸುಲಭವಾಗಿ ಅಡಗಬಲ್ಲರು. ಗುಂಡಿನ ಭಾರವನ್ನೂ ಉಕ್ಕಿನ ದಪ್ಪವನ್ನೂ ಅಷ್ಟು ಶ್ರದ್ಧೆಯಿಂದ ಲೆಕ್ಕಹಾಕುವ ಆಟದಲ್ಲಿ ಊರಿನವರು ಒಂದು ಮರೆ ಮಾತ್ರ.

ನಮ್ಮ ಬೀದಿಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ೧೯೭೧ರ ಯುದ್ಧದಲ್ಲಿ ಕಾದಿದವರು, ಆ ಮಾತನ್ನು ಎಂದೂ ತಾವಾಗಿ ಎತ್ತದವರು. ಒಂದು ಸಂಜೆ ಬಂದವರು ಅಳಿಯನ ಹಿಂದೆ ಅರ್ಧ ಗಂಟೆ ನಿಂತು ನೋಡಿದರು. “ಹೌದು, ಹೀಗೇ. ಏನೂ ಗೊತ್ತಾಗುವುದಿಲ್ಲ,” ಎಂದು ಒಮ್ಮೆ ಅಂದರು. ಆಟ ಮುಗಿದು ಲೆಕ್ಕದ ಪುಟ ಬಂತು: ಗೆಲುವು ನಮ್ಮದು, ಸತ್ತವರು ಹನ್ನೊಂದು, ಗಾಯಗೊಂಡವರು ಹತ್ತೊಂಬತ್ತು. ಅವರು ಕನ್ನಡಕ ಸರಿಮಾಡಿಕೊಂಡು, “ಇವರ ಹೆಸರುಗಳೆಲ್ಲಿ?” ಎಂದರು. ತುಕಡಿಯ ನಾಯಕನ ಹೆಸರು ಮಾತ್ರ ತೋರಿಸುತ್ತದೆ, ಉಳಿದವರದು ಇಲ್ಲ ಎಂದು ಹುಡುಗ ಹೇಳಿದ. ನಾನು ನಡುವೆ ಬಾಯಿಹಾಕಿ, ಹೆಸರು ತಿಳಿದಿದ್ದರೆ ನಾನು ಅವರನ್ನು ಆ ತೋಟಕ್ಕೆ ಕಳಿಸುತ್ತಿರಲಿಲ್ಲವೇನೋ ಎಂದೆ. ಅವರು ನನ್ನ ಮುಖ ನೋಡಿದರು. “ಇಲ್ಲ ಮೇಷ್ಟ್ರೇ, ಹೆಸರು ಗೊತ್ತಿದ್ದೂ ಕಳಿಸಬೇಕಾಗುತ್ತದೆ. ಆಮೇಲೆ ಅವರ ಮನೆಗೆ ಕಾಗದವನ್ನೂ ಬರೆಯಬೇಕಾಗುತ್ತದೆ.” ಕಾಫಿ ತರಿಸಿದೆ, ಕುಡಿದು ಹೋದರು.

ಈ ವರುಷ ತರಗತಿಯಲ್ಲಿ ಚಕ್ರವ್ಯೂಹದ ಪ್ರಸಂಗ ಬಂದಾಗ ನಾನು ಎಂದಿನಂತೆ ಅಭಿಮನ್ಯುವಿನ ಶೌರ್ಯದ ಬಳಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವನನ್ನು ಒಳಗೆ ಕಳಿಸಿದ ಧರ್ಮರಾಯನ ಬಳಿ ನಿಂತೆ. ನೀನು ದಾರಿ ಬಿಡಿಸು, ನಾವೆಲ್ಲ ಬೆನ್ನಹಿಂದೆಯೇ ಬರುತ್ತೇವೆ ಎಂಬ ಮಾತಿನ ಮೇಲೆ ಹುಡುಗ ನುಗ್ಗಿದ. ಸೈಂಧವ ಬಾಗಿಲಿಗೆ ಅಡ್ಡ ನಿಂತ. ಹಿಂದಿನವರು ಹೊರಗೇ ಉಳಿದರು. ಧರ್ಮರಾಯನಿಗೆ ಅವನ ಹೆಸರು ಗೊತ್ತಿತ್ತು. ಸಂಜೆ ಅರ್ಜುನ ಪಾಳೆಯಕ್ಕೆ ಹಿಂತಿರುಗುವನೆಂಬುದೂ ಗೊತ್ತಿತ್ತು. ಅದುವರೆಗಿನ ಹೊತ್ತನ್ನು ಅವನು ಹೇಗೆ ಕಳೆದಿರಬೇಕೆಂದು ವಿದ್ಯಾರ್ಥಿಗಳನ್ನು ಕೇಳಿದೆ. ಹಿಂದಿನ ಸಾಲಿನ ಹುಡುಗರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.