ಬಾಲ್ಯದ ಓದು ಬಾಳಿನ ಒಲವಾಗುವ ಬಗೆ

ಪ್ರಶ್ನೆ: ಎಳವೆಯಲ್ಲಿ ಕಥೆಪುಸ್ತಕದ ರುಚಿ ಹತ್ತಿದವರಿಗೆ ಪುಸ್ತಕಪ್ರೀತಿ ಬಾಳೆಲ್ಲ ಉಳಿಯುವುದೇಕೆ?
(ಓದುಗರೊಬ್ಬರು, ರುಸ್ತಾಕ್, ಒಮಾನ್)

2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಮ್ಮೂರಿನ ಫಲಜ್ ಅಲ್ ಮುಯಸ್ಸರ್ ಕಾಲುವೆಯನ್ನೇ ನೆನೆಯಿರಿ. ನೆಲದೊಳಗೆ ಅದನ್ನು ಅಗೆಯುವುದು ಮಹಾಶ್ರಮ. ಅಗೆದಾದ ಬಳಿಕವೋ, ಯಾರೂ ಎತ್ತಿ ಹೊಯ್ಯದೆ, ಇಳಿಜಾರಿನ ಬಲದಿಂದಲೇ ನೀರು ಖರ್ಜೂರದ ತೋಟಕ್ಕೆ ಹರಿದುಬರುವುದು.

ಓದಿನ ಬಗೆಯೂ ಹೀಗೆಯೇ: ಮಾತಿನಂತೆ ಅದು ಸಹಜವಾಗಿ ಬರತಕ್ಕದ್ದಲ್ಲ. ವಸ್ತುಗಳ ಆಕಾರವನ್ನು ಗುರುತಿಸುತ್ತಿದ್ದ ಎಡಮಿದುಳಿನ ಒಂದು ಭಾಗವು ಅಕ್ಷರಗಳಿಗೆ ಒಗ್ಗಿ, ಧ್ವನಿ ಮತ್ತು ಅರ್ಥಗಳ ಕೇಂದ್ರಗಳೊಡನೆ ನಂಟು ಬೆಳೆಸಬೇಕು. ‘ಕ’ಕ್ಕೆ ಕೊಂಬು ಕೊಟ್ಟರೆ ‘ಕು’ ಎಂದು ಬೆರಳಿಟ್ಟು ತಡವರಿಸುವ ಮಗುವಿನ ಗಮನವೆಲ್ಲ ಆ ಕೊಂಬಿನಲ್ಲಿಯೇ ವ್ಯಯವಾಗಿ, ಕಥೆಗೆ ಉಳಿಯುವುದು ಅತ್ಯಲ್ಪ. ಅಭ್ಯಾಸಬಲದಿಂದ ಆ ಶ್ರಮ ಕರಗಿದೊಡನೆ ಮನಸ್ಸು ಕಥೆಯಲ್ಲಿ ಮುಳುಗುವುದು. ಕಥೆಯ ಆನಂದವು ಮತ್ತೊಂದು ಪುಸ್ತಕವನ್ನು ಬೇಡುವುದು. ಆ ಪುಸ್ತಕವು ಶಬ್ದಸಂಪತ್ತನ್ನು ಹೆಚ್ಚಿಸಿ ಮುಂದಿನ ಓದನ್ನು ಇನ್ನಷ್ಟು ಹಗುರಗೊಳಿಸುವುದು. ಓದಿ ಹೇಳಿದ ತಾಯಿಯ ಮಡಿಲಿನ ಬೆಚ್ಚನೆಯ ನೆನಪೂ ಇದಕ್ಕೆ ಕೂಡುವುದು. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ ಮಕ್ಕಳ ಮಾಸಪತ್ರಿಕೆಯ ಬೇತಾಳಕಥೆಗಾಗಿ ತಿಂಗಳೆಲ್ಲ ಕಾದ ಮಕ್ಕಳು ಮುಂದೆ ದೊಡ್ಡ ಕಾದಂಬರಿಗಳನ್ನೂ ಅಂಜದೆ ಎತ್ತಿಕೊಂಡರು.

ದೂರದ ಊರಿನಲ್ಲಿ ಕನ್ನಡ ಪುಸ್ತಕಗಳು ವಿರಳವೆಂದು ಕೊರಗದಿರಿ: ಮಕ್ಕಳು ಒಂದೇ ಕಥೆಯನ್ನು ಹತ್ತು ರಾತ್ರಿ ಕೇಳಬಯಸಿದರೆ, ಹತ್ತು ರಾತ್ರಿಯೂ ಗಟ್ಟಿಯಾಗಿ ಓದಿಹೇಳಿರಿ.