ಪುಷ್ಯ ಮಳೆಯ ಹೊಳವಿನಲ್ಲಿ ಒಂದು ತೋಟ

ಬೆಳಿಗ್ಗೆ ಆರೂವರೆಗೆ ದೊಡ್ಡಪ್ಪನ ಫೋನು. “ಹೊಳವಾಗಿದೆ ಮಾರಾಯ. ಬರದಾದ್ರೆ ಈಗ್ಲೇ ಹೊರಡು. ಮಧ್ಯಾಹ್ನದ ಮೇಲೆ ಎಂತ ಆಗ್ತದೋ ಗೊತ್ತಿಲ್ಲ.” ಹಿಂದಿನ ರಾತ್ರಿ ತೀರ್ಥಹಳ್ಳಿಯಲ್ಲಿ ಉಳಿದಿದ್ದೆ. ಹನ್ನೊಂದು ದಿನ ಬಿಡದೆ ಹೊಯ್ದ ಮಳೆ ಆವತ್ತು ನಿಂತಿತ್ತು. ಸೂರಿನ ನೀರು ಮಾತ್ರ ಇನ್ನೂ ತೊಟ್ಟಿಕ್ಕುತ್ತಿತ್ತು.

ಆಗುಂಬೆ ರಸ್ತೆ ಹಿಡಿದು ಮೇಗರವಳ್ಳಿ ದಾಟುವ ಹೊತ್ತಿಗೆ ಗುಡ್ಡದ ಮೇಲೆ ಬಿಸಿಲು ಬಿದ್ದಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅಲ್ಲಿಂದ ಈಚೆಗೆ ಬಂದಂತೆ ಲೆಕ್ಕ ಇಳಿದರೂ ಈ ಕಣಿವೆಗಳ ತೋಟಗಳಿಗೆ ಮಳೆಯ ಕೊರತೆ ಅಪರೂಪ. ಅಡಿಕೆಯೂ ಮೆಣಸೂ ಏಲಕ್ಕಿಯೂ ಇಲ್ಲಿ ನೆಲೆಸಿದ್ದೇ ಈ ಮಳೆಯನ್ನು ನಂಬಿ. ಅದಕ್ಕೇ ಹೊರಗಿನವರು ಕೇಳುತ್ತಾರೆ: ಇಷ್ಟು ಮಳೆ ನೋಡಿದ ಗಿಡಕ್ಕೆ ಇನ್ನಷ್ಟು ಮಳೆ ಏನು ಮಾಡೀತು? ಉತ್ತರ ಹುಡುಕಿಕೊಂಡೇ ನಾನು ದೊಡ್ಡಪ್ಪನ ತೋಟಕ್ಕೆ ಹೋಗಿದ್ದು.

ಅಂಗಳಕ್ಕೆ ಕಾಲಿಟ್ಟಾಗ ಬೋರ್ಡೋ ದ್ರಾವಣ ತಯಾರಾಗುತ್ತಿತ್ತು. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರು, ಅದರಲ್ಲಿ ಒಂದು ಕಿಲೋ ಮೈಲುತುತ್ತ. ಇನ್ನೊಂದರಲ್ಲಿ 50 ಲೀಟರ್ ನೀರು, ಒಂದು ಕಿಲೋ ಸುಣ್ಣ. ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಸಣ್ಣ ಧಾರೆಯಾಗಿ ಹೊಯ್ಯುತ್ತಾ ಬಿದಿರುಕೋಲಿನಿಂದ ತಿರುವಬೇಕು. ಅವಸರ ಮಾಡಿದರೆ ಹದ ಕೆಡುತ್ತದೆ. ದೊಡ್ಡಪ್ಪ ಸೊಂಟದ ಕತ್ತಿ ತೆಗೆದು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡು ಡ್ರಮ್ಮಿನಲ್ಲಿ ಅದ್ದಿದರು. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಬಿಸಿಲಿಗೆ ಹಿಡಿದರು. ಅಲಗಿನ ಮೇಲೆ ತಾಮ್ರದ ಕೆಂಪು ತೆಳ್ಳಗೆ ಕೂತಿತ್ತು. “ಸುಣ್ಣ ಸಾಲ್ದು,” ಎಂದರು. ಇನ್ನೊಂದು ಬೊಗಸೆ ಸುಣ್ಣ ಕದಡಿ ಹಾಕಿದ ಮೇಲೆ ಕತ್ತಿ ಅದ್ದಿದ ಹಾಗೇ ಬಂತು. ಎಪ್ಪತ್ತು ದಾಟಿದ ಆ ಕೈ ಈ ಪರೀಕ್ಷೆಯನ್ನು ಎಷ್ಟು ಸಲ ಮಾಡಿದೆಯೋ! ಆವತ್ತೂ ಅದೇ ಗಮನವಿತ್ತು. ಸುಣ್ಣ ಕಮ್ಮಿಯಾದರೆ ಎಳೆ ಕಾಯಿ ಸುಟ್ಟುಹೋಗುತ್ತದೆ.

ಈ ನೀಲಿ ಔಷಧಿ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕೀಳದಿರಲಿ ಎಂದು ಅಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಗಮನಿಸಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಮಲೆನಾಡಿನ ಅಡಿಕೆಗೂ ಅದಕ್ಕೂ ನಂಟು ಬೆಸೆದವರು ಲೆಸ್ಲಿ ಕೋಲ್ಮನ್. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಅವರು ಕೊಳೆರೋಗದ ಜಾಡು ಹಿಡಿದು 1910ರಲ್ಲಿ ಅದರ ಬಗ್ಗೆ ಪುಸ್ತಿಕೆಯನ್ನೇ ಹೊರತಂದರು. ಅದಕ್ಕೆ ಮೊದಲು ಒಂದೊಂದು ಕೊನೆಗೂ ಕೊಟ್ಟೆ ಕಟ್ಟಬೇಕಿತ್ತು. ಮರದ ತುದಿಗೆ ಹತ್ತಿ, ಎಳೆ ಕಾಯಿಗೆ ಕೊಡೆ ಹಿಡಿದ ಹಾಗೆ ಹೊದಿಕೆ ಕಟ್ಟಿ ಇಳಿಯುವುದು. ನೂರಾರು ಮರ, ಮರಕ್ಕೆ ಮೂರು ನಾಲ್ಕು ಕೊನೆ! ನನ್ನ ಅಜ್ಜ ಆ ಕೆಲಸ ಕಂಡವರು. ಔಷಧಿ ಬಂದ ಮೇಲೆ ತೋಟದವರು ಮಳೆಗಾಲದಲ್ಲೂ ನಿದ್ದೆ ಮಾಡಿದರು ಎನ್ನುತ್ತಿದ್ದರು.

ಆದರೆ ಆ ಔಷಧಿಗೂ ಒಂದು ಕಟ್ಟುಪಾಡಿದೆ. ಮೊದಲ ಸಲ ಮಳೆ ಕೂರುವ ಮುಂಚೆ, ಎರಡನೆಯದು 40–45 ದಿನ ಬಿಟ್ಟು. ಹೊಡೆದ ಮೇಲೆ ಕಾಯಿಯ ಮೈಗೆ ಅಂಟಿ ಒಣಗಲು ಬಿಸಿಲು ಬೇಕು. ಹಿಂದೆ ಮೃಗಶಿರ ಬರುವುದರೊಳಗೆ ಒಂದು ಔಷಧಿ ಮುಗಿಸಿ, ಪುನರ್ವಸು ಪುಷ್ಯದ ನಡುವೆ ಹೊಳವು ಸಿಕ್ಕಾಗ ಎರಡನೆಯದಕ್ಕೆ ಕೈ ಹಾಕುತ್ತಿದ್ದರು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದದ್ದಿಲ್ಲ. ಇಲ್ಲಿ ಅದಕ್ಕೂ ಮುಂಚೆಯೇ ಮಳೆ ಶುರುವಾಗಿತ್ತು. ತಂದಿಟ್ಟ ಮೈಲುತುತ್ತ ಜಗಲಿಯ ಮೂಲೆಯಲ್ಲೇ ಇತ್ತು. ಮೊದಲ ಔಷಧಿ ಬಿದ್ದದ್ದು ಜೂನ್ ನಡುವಿನಲ್ಲಿ, ಅದೂ ಅರ್ಧ ತೋಟಕ್ಕೆ. ಉಳಿದರ್ಧಕ್ಕೆ ಪುಷ್ಯದ ಈ ಹೊಳವೇ ಗತಿ.

ತೋಟಕ್ಕೆ ಇಳಿದೆವು. ದರೆಯ ಮೆಟ್ಟಿಲು ಜಾರುತ್ತಿತ್ತು. ಕೊನೆಗಾರ ಆಗಲೇ ಮರದ ಮೇಲಿದ್ದ. ಪಾಚಿ ಹಿಡಿದ ಕಾಂಡ, ಕಾಲಿಗೆ ತಳೆ, ಹೆಗಲ ಮೇಲಿಂದ ಇಳಿಬಿಟ್ಟ ಪೈಪು. ಒಂದು ಮರ ಮುಗಿದ ಮೇಲೆ ತೂಗಿ, ಪಕ್ಕದ ಮರದ ಕುತ್ತಿಗೆ ಹಿಡಿದು ದಾಟಿಬಿಟ್ಟ. ಅದನ್ನು ನೋಡುವಾಗ ನನ್ನ ಎದೆ ಈಗಲೂ ಹಿಡಿದುಕೊಳ್ಳುತ್ತದೆ. ಅವನ ಮಗ ಕೆಳಗೆ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ ಗಿಡ್ಡ ಮರಗಳಿಗೆ ಹೊಡೆಯುತ್ತಿದ್ದ. ಒದ್ದೆ ಮರ ಹತ್ತುವ ಕೆಲಸ ತನ್ನ ತಲೆಗೇ ಮುಗಿಯಲಿ ಎಂದು ಅಪ್ಪನೇ ಅವನಿಗೆ ದೋಟಿ ಕಲಿಸಿದ್ದಾನೆ. ಅದು ಸರಿಯಾದ ತೀರ್ಮಾನ.

ಕಾಲಡಿಯಲ್ಲಿ ಹಸಿರು ಕಾಯಿಗಳು ಚೆಲ್ಲಿದ್ದವು. ಒಂದನ್ನು ಎತ್ತಿಕೊಂಡೆ. ತೊಟ್ಟಿನ ಕಡೆ ನೀರು ತುಂಬಿದ ಹಾಗೆ ಕಡುಹಸಿರು ಕಲೆ. ಬೆರಳಿಟ್ಟರೆ ಮೆತ್ತಗೆ. ಎರಡು ದಿನ ಮೊದಲು ಬಿದ್ದ ಕಾಯಿಯ ಮೇಲೆ ಬಿಳಿ ಬೂಷ್ಟು, ಹತ್ತಿ ಹಿಂಜಿ ಅಂಟಿಸಿದ ಹಾಗೆ. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಈ ಜೀವಿಯ ಬೀಜಾಣುಗಳು ನೀರಿನ ಪೊರೆಯಲ್ಲಿ ಈಜಬಲ್ಲವು. ಒಂದು ಹನಿ ಸಿಡಿದರೆ ಒಂದು ಕಾಯಿಯಿಂದ ಇನ್ನೊಂದಕ್ಕೆ ದಾಟುತ್ತವೆ. ಎಡೆಬಿಡದ ಮಳೆ, ನಡುನಡುವೆ ಒಂದಿಷ್ಟು ಬಿಸಿಲು, ಮೈ ತಣ್ಣಗಾಗಿಸುವ ಗಾಳಿ, ಇಷ್ಟು ಸಿಕ್ಕರೆ ಅದಕ್ಕೆ ಹಬ್ಬ. ಕಾಯಿ ಉದುರಿಸಿ ಸುಮ್ಮನಾದರೆ ಒಂದು ವರ್ಷದ ಫಸಲು ಹೋಯಿತು ಅಷ್ಟೆ. ಸುಳಿಗೆ ಇಳಿದರೆ ಮರವೇ ಹೋಗುತ್ತದೆ. ಅಡಿಕೆಗೆ ಇರುವುದು ಒಂದೇ ಸುಳಿ. ಅದು ಕೊಳೆತರೆ ಪಕ್ಕದಿಂದ ಚಿಗುರುವ ದಾರಿ ಇಲ್ಲ.

ಎರಡನೇ ಮಜಲಿನಲ್ಲಿ ದೊಡ್ಡಪ್ಪ ಒಂದು ಮರದ ಹತ್ತಿರ ನಿಂತರು. “ಇಲ್ಲಿ ಕೈ ಇಡು.” ನನ್ನ ಕಣ್ಣಿನ ಮಟ್ಟಕ್ಕೆ ಕಾಂಡ ಸೊರಗಿ ಸಣ್ಣದಾಗಿತ್ತು, ಗೇಣುದ್ದದ ಜಾಗದಲ್ಲಿ. ಅಡಿಕೆ ಮರದ ಮೈಮೇಲಿನ ಒಂದೊಂದು ಉಂಗುರವೂ ಒಂದು ಸೋಗೆ ಕಳಚಿದ ಗುರುತು. ವರ್ಷಕ್ಕೆ ಆರೇಳು ಸೋಗೆ ಬೀಳುತ್ತವೆ, ಆರೇಳು ಉಂಗುರ ಮೂಡುತ್ತವೆ. ನೀರು, ಗೊಬ್ಬರ ಸರಿಯಿದ್ದ ವರ್ಷ ಉಂಗುರಗಳ ನಡುವೆ ನನ್ನ ನಾಲ್ಕು ಬೆರಳು ಧಾರಾಳವಾಗಿ ಹಿಡಿದವು. ಆ ಸೊರಗಿದ ಜಾಗದಲ್ಲಿ ಎರಡು ಬೆರಳೂ ಕಷ್ಟ. ಒತ್ತೊತ್ತಾಗಿ, ಒಂದರ ಮೇಲೊಂದು ಬಿದ್ದ ಹಾಗೆ ಉಂಗುರಗಳು. “ಎಣಿಸಿಕೊಂಡು ಬಂದಿದೀನಿ. ಇದು 2016–17ರ ಬರ. ಆ ವರ್ಷ ಹೊಳೆ ಫೆಬ್ರವರಿಗೇ ನಿಂತಿತ್ತು.” ಮತ್ತೆ ಮೇಲಕ್ಕೆ ಕೈ ತೋರಿಸಿದರು, ಹಾಳೆಯ ಬುಡಕ್ಕೆ. ಅಲ್ಲೊಂದು ಹೊಸ ಸೊರಗು ಕಾಣತೊಡಗಿತ್ತು. ಅದು ಯಾವ ಬೇಸಿಗೆಯದೆಂದು ಕೇಳಬೇಕಾಗಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸಾರಿದ್ದರು. ಅದರ ಬೆನ್ನಿಗೇ 2024ರ ಏಪ್ರಿಲ್ ಸುಟ್ಟೇ ಹಾಕಿತು.

ಮಾವಿನ ಮರಕ್ಕೆ ಕೊಡಲಿ ತಗುಲಿದರೆ ನಾಲ್ಕು ವರ್ಷದಲ್ಲಿ ಗಾಯದ ಮೇಲೆ ಹೊಸ ತೊಗಟೆ ಬೆಳೆಯುತ್ತದೆ. ಬರದ ವರ್ಷ ಸೊರಗಿದರೂ ಮುಂದಿನ ವರ್ಷ ಅದು ದಪ್ಪವಾಗುತ್ತದೆ. ಅಡಿಕೆ, ತೆಂಗು, ಬೈನೆಗಳ ಹುಟ್ಟೇ ಬೇರೆ. ಕಾಂಡ ಒಮ್ಮೆ ಎಷ್ಟು ದಪ್ಪಕ್ಕೆ ನಿಂತಿತೋ ಅಷ್ಟೇ, ಜೀವಮಾನವೆಲ್ಲ. ಬಿದ್ದ ಗಾಯ ಮಾಯುವುದಿಲ್ಲ. ಐವತ್ತು ವರ್ಷ ಬಾಳಬೇಕಾದ ಮರ ತನಗೆ ಬಂದ ಒಂದೊಂದು ಕೆಟ್ಟ ವರ್ಷವನ್ನೂ ಹೊತ್ತುಕೊಂಡೇ ನಿಲ್ಲಬೇಕು. ಗಾಳಿ ಬಂದಾಗ ಮುರಿಯುವುದೂ ಹೆಚ್ಚಾಗಿ ಅಂಥ ಸೊರಗಿನಲ್ಲೇ. ಮಳೆಗೆ ಪಳಗಿದ ಗಿಡಕ್ಕೆ ಇನ್ನಷ್ಟು ಮಳೆ ಏನು ಮಾಡೀತು ಎನ್ನುವವರನ್ನು ಈ ಮರದ ಹತ್ತಿರ ಕರೆತಂದು ಕೈ ಇಡಿಸಬೇಕು ಅನ್ನಿಸಿತು. ಒಂದು ವರ್ಷದ ಕೊರತೆಯನ್ನು ಮರುವರ್ಷದ ಹೆಚ್ಚಳ ತುಂಬಿಕೊಡುವುದು ಅಂಕಿಅಂಶದ ಹಾಳೆಯಲ್ಲಿ ಮಾತ್ರ.

ತೋಟದ ಪಡುವಣ ಅಂಚಿಗೆ ಬಂದೆವು. ಅಲ್ಲಿ ಆಕಾಶ ತೆರೆದುಕೊಂಡಿದೆ. ಹಲಸು, ಹೆಬ್ಬಲಸುಗಳ ದಟ್ಟ ಸಾಲೊಂದು ಅಲ್ಲಿ ಅಡ್ಡ ನಿಂತಿತ್ತು. 2019ರ ಆಗಸ್ಟಿನ ಆಶ್ಲೇಷ ಮಳೆಯಲ್ಲಿ ದರೆ ಕುಸಿದು ಅದರಲ್ಲಿ ಐದು ಮರ ಬೇರು ಸಮೇತ ಹೋದವು. ಆ ದಿನ ಅಡಿಕೆಗೆ ಏನೂ ಆಗಲಿಲ್ಲ, ದೇವರು ದೊಡ್ಡವನು ಎಂದುಕೊಂಡರು. ಆಮೇಲೆ ಆ ಕಿಂಡಿಯಿಂದ ಇಳಿಬಿಸಿಲು ಒಳಗೆ ಬರತೊಡಗಿತು. ಮಧ್ಯಾಹ್ನದ ಮೇಲೆ ನೈಋತ್ಯದಿಂದ ಬೀಳುವ ಬಿಸಿಲು ಅಡಿಕೆಯ ಕಾಂಡಕ್ಕೆ ನೇರ ಹೊಡೆಯುತ್ತದೆ. ಮೊದಲು ಹಸಿರು ಹೋಗಿ ಹಳದಿ, ಆಮೇಲೆ ಕಂದು, ಆಮೇಲೆ ಬಿರುಕು. 2024ರ ಬೇಸಿಗೆಯಲ್ಲಿ ಈ ಸಾಲಿನ ಹದಿನಾಲ್ಕು ಮರಗಳ ಒಂದು ಮಗ್ಗುಲು ಹಾಗೆ ಬೆಂದಿತು. ಆ ಬಿರುಕಿಗೆ ಮಳೆನೀರು ಇಳಿಯಿತು. ಈ ಜೂನಿನ ಗಾಳಿಗೆ ಮೂರು ಮರ ಅಲ್ಲಿಗೇ ಮುರಿದವು. ಮುರಿದ ಮೋಟು ನೋಡಿದೆ, ಒಂದು ಕಡೆ ಹಸಿ, ಒಂದು ಕಡೆ ಒಳಗೆಲ್ಲ ಪುಡಿ.

ಮುರಿದದ್ದು ಗಾಳಿಗೆ ಎಂದು ಬರೆದುಕೊಳ್ಳಬಹುದು. ಆದರೆ ಅದರ ಹಿಂದೆ ಬಿಸಿಲಿದೆ, ಬಿಸಿಲಿನ ಹಿಂದೆ ಆರು ವರ್ಷದ ಹಿಂದಿನ ಮಳೆಯಿದೆ. ಹವಾಮಾನ ಆಧಾರಿತ ಬೆಳೆ ವಿಮೆ ಅಡಿಕೆಗೂ ಮೆಣಸಿಗೂ ಇದೆ, ತೋಟದವರಿಗೆ ಅದರಿಂದ ಆಸರೆಯಾದದ್ದೂ ಉಂಟು. ಆದರೆ ಅದು ಎಣಿಸುವುದು ಆಯಾ ಹಂಗಾಮಿನ ಮಳೆಮಾಪಕದ ಲೆಕ್ಕವನ್ನು. ಮುರಿದ ಈ ಮೂರು ಮರಗಳ ಕಥೆ ಅದರಲ್ಲಿ ಎಲ್ಲೂ ಬರುವುದಿಲ್ಲ. ಇದು ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಉಳಿದ ಹನ್ನೊಂದು ಮರಗಳ ಕಾಂಡಕ್ಕೆ ದೊಡ್ಡಪ್ಪ ಸೋಗೆ ಸುತ್ತಿ ಕಟ್ಟಿದ್ದಾರೆ. ಕಿಂಡಿಗೆ ಅಡ್ಡಲಾಗಿ ಬಾಳೆ ನೆಟ್ಟಿದ್ದಾರೆ, ಅದರ ಹಿಂದೆ ಹಲಸಿನ ಸಸಿ. ಹೊಸ ತೋಟ ಎಬ್ಬಿಸುವವರಿಗೆ ವಿಜ್ಞಾನಿಗಳು ಹೇಳುವುದು ಉತ್ತರ–ದಕ್ಷಿಣ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ಓರೆ ಹಿಡಿಯಿರಿ ಎಂದು, ಆಗ ಒಂದರ ನೆರಳು ಇನ್ನೊಂದಕ್ಕೆ ಬೀಳುತ್ತದೆ. ಇದು ಅಜ್ಜ ಕಟ್ಟಿದ ತೋಟ. ಸಾಲು ತಿರುಗಿಸಲು ಬರುವುದಿಲ್ಲ.

ಮೆಣಸಿನ ಬಳ್ಳಿಗಳನ್ನು ನೋಡುತ್ತಾ ಕೆಳಗಿಳಿದೆವು. ಬಸಿಗಾಲುವೆ ತುಂಬಿ ಹರಿಯುತ್ತಿತ್ತು. ತಗ್ಗಿನ ಎರಡು ಸಾಲಿನಲ್ಲಿ ಬಳ್ಳಿ ಸೊರಗಿ, ಎಲೆ ಕಪ್ಪಾಗಿ ಜೋತುಬಿದ್ದಿದೆ. ಬುಡದಲ್ಲಿ ನೀರು ನಿಂತರೆ ಮೆಣಸಿಗೆ ವಾರ ಸಾಕು. ನಾಲ್ಕು ವರ್ಷ ಸಾಕಿದ ಬಳ್ಳಿ ಭಾನುವಾರ ಹಸಿರಿದ್ದದ್ದು ಮುಂದಿನ ಭಾನುವಾರಕ್ಕೆ ಇರುವುದಿಲ್ಲ. ಪಕ್ಕದ ಎಳೆ ಅಡಿಕೆ ಸಸಿಗಳ ಕಥೆ ಹಿಂದಿನ ವರ್ಷದ್ದು. ಬಾಳೆಯ ನೆರಳು ಸಾಲದೆ ಮುಕ್ಕಾಲು ಪಾಲು ಏಪ್ರಿಲಿನಲ್ಲೇ ಒಣಗಿದವು, ಮತ್ತೆ ನೆಟ್ಟವು ಈ ಮೇ ತಿಂಗಳ ನೀರಿಗೆ ಹಳದಿಯಾದವು. ದೊಡ್ಡಪ್ಪ ಅದರ ಹತ್ತಿರ ನಿಲ್ಲಲಿಲ್ಲ.

ಮನೆಗೆ ಬಂದಾಗ ದೊಡ್ಡಮ್ಮ ಸೂರಿನ ಕೆಳಗೆ ಡೇರೆ ಗಿಡಗಳಿಗೆ ಕೋಲು ಕಟ್ಟುತ್ತಿದ್ದರು. ಮಲೆನಾಡಿನ ಹೆಂಗಸರ ಮಳೆಗಾಲದ ಸಂಭ್ರಮವೇ ಡೇರೆ. ಮೇ ಕೊನೆಗೆ ಗೆಡ್ಡೆ ಹೂಳಿದರೆ ಆಗಸ್ಟಿಗೆ ಅಂಗಳ ತುಂಬ ಹೂವು. ಯಾರ ಮನೆಯಲ್ಲಿ ಯಾವ ಬಣ್ಣ ಎಂಬ ಲೆಕ್ಕ ಊರಿಗೆಲ್ಲ ಗೊತ್ತು. “ಈ ಸಲ ಗೆಡ್ಡೆ ಮೊಳಕೆ ಬರೋ ಮುಂಚೆನೇ ಕೊಳೀತು ಕಣೋ. ಇಪ್ಪತ್ತೆಂಟು ಬಣ್ಣ ಇದ್ದಿತ್ತು, ಈಗ ಒಂಬತ್ತು.” ಆ ಒಂಬತ್ತನ್ನು ಸಿಮೆಂಟ್ ಚೀಲಕ್ಕೆ ಮರಳು ಬೆರೆಸಿದ ಮಣ್ಣು ತುಂಬಿ ಜಗಲಿಗೆ ಏರಿಸಿದ್ದಾರೆ. ಕಡುಗೆಂಪು ಡೇರೆ ತೌರುಮನೆಯಿಂದ ಮದುವೆಯ ವರ್ಷ ತಂದದ್ದು. ಅದು ಉಳಿದಿದೆ. ಕಳೆದುಹೋದ ಹಳದಿಗಾಗಿ ಕೊಪ್ಪದ ತಂಗಿಗೆ ಫೋನು ಮಾಡಿದರೆ ಅಲ್ಲಿಯೂ ಕೊಳೆತಿದೆಯಂತೆ. ಒಂದು ಮನೆಯಲ್ಲಿ ಹೋದ ಬಣ್ಣ ಇನ್ನೊಂದು ಮನೆಯಿಂದ ಬರುವುದು ಇಲ್ಲಿಯ ರೂಢಿ. ಎಲ್ಲ ಮನೆಯಲ್ಲೂ ಒಂದೇ ವಾರ ಕೊಳೆತರೆ ಎಲ್ಲಿಂದ ತರುವುದು?

ಊಟದ ಎಲೆ ಮುಂದೆ ಕೂತಾಗ ಎರಡು ಗಂಟೆ. ಆಗುಂಬೆ ಕಡೆಯ ಗುಡ್ಡ ಕಪ್ಪಾಯಿತು. ಹನಿ ಬೀಳುವ ಮೊದಲೇ ಕಾಡಿನ ಎಲೆಗಳ ಮೇಲೆ ಮಳೆ ನಡೆದು ಬರುವ ಸದ್ದು ಕೇಳಿಸಿತು. ದೊಡ್ಡಪ್ಪ ಎಲೆ ಬಿಟ್ಟು ಎದ್ದರು. ಕೊನೆಗಾರ ಜಾರಿ ಇಳಿದು, ಪೈಪು ಸುತ್ತಿಕೊಂಡು ಅಂಗಳಕ್ಕೆ ಓಡಿಬಂದ.

“ಎಷ್ಟಾಯ್ತಾ?”

“ಹಲಸಿನ ಮರದ ಸಾಲು ಮುಗೀತು ಅಯ್ಯ.”

“ಕಡೇ ಸಾಲು ಒಣಗಿತ್ತಾ?”

ಅವನು ತಲೆ ಒರೆಸಿಕೊಂಡ. “ಇಲ್ಲ ಅಯ್ಯ. ಅದರ ಹಿಂದಿಂದೂ ಪೂರಾ ಒಣಗಲಿಲ್ಲ.”

ಡ್ರಮ್ಮಿನಲ್ಲಿ ಕಾಲು ಭಾಗ ನೀಲಿ ಉಳಿದಿತ್ತು. ಬೋರ್ಡೋವನ್ನು ನಾಳೆಗೆ ಇಡುವಂತಿಲ್ಲ, ಮಾಡಿದ ದಿನವೇ ಮುಗಿಸಬೇಕು. ಬುಡಕ್ಕೆ ಹೊಯ್ಯಲು ಮಳೆ ಅಡ್ಡಿಯಲ್ಲ ಎಂದು ಅದನ್ನು ಬಕೆಟ್ಟುಗಳಿಗೆ ಬಗ್ಗಿಸಿ ತಗ್ಗಿನ ಮೆಣಸಿಗೆ ಒಯ್ದೆವು. ನಾನೂ ಎರಡು ಬಕೆಟ್ ಹೊತ್ತೆ. ವಾಪಸು ಬರುವಾಗ ದೊಡ್ಡಪ್ಪ ಕಂಬಳಿಕೊಪ್ಪೆಯೊಳಗಿಂದ ಬಾಳೆಪಟ್ಟೆಯ ಸೀಳೊಂದನ್ನು ತೆಗೆದರು. ಕೊನೆಗಾರ ನಿಲ್ಲಿಸಿದ ಮರಕ್ಕೆ ಅದನ್ನು ಕಟ್ಟುತ್ತಾರೆ ಎಂದುಕೊಂಡಿದ್ದೆ. ಅವರು ಅಲ್ಲಿಂದ ಎರಡು ಸಾಲು ಹಿಂದಕ್ಕೆ ನಡೆದು, ಆ ಮರಕ್ಕೆ ಗಂಟು ಹಾಕಿದರು. ಮುಂದಿನ ಹೊಳವಿಗೆ ಅಲ್ಲಿಂದ ಶುರು.